ಬೋರ್ಡು ನಮ್ಮದು, ಆ್ಯಪ್‌ನಲ್ಲಿ ಹೆಸರು ಯಾರದು?
ಆನ್‌ಲೈನ್ ಮಾರಾಟದ ಕಾಲದಲ್ಲಿ ಹೊಟೇಲ್ ಹೆಸರಿನ ರಕ್ಷಣೆ: ಸದಸ್ಯರಿಗೆ ಒಂದು ತಿಳಿವಳಿಕೆ ಲೇಖನ

ಹೊಟೇಲಿನ ಹೆಸರು ಎಂದರೆ ಬಾಗಿಲ ಮೇಲಿನ ಬೋರ್ಡು ಎಂಬ ಕಾಲವೊಂದಿತ್ತು. ಗಿರಾಕಿ ಬೋರ್ಡು ನೋಡುತ್ತಿದ್ದ, ಒಳಗೆ ಬಂದು ಗಲ್ಲಾದ ಮೇಲಿರುವ ಮುಖ ನೋಡುತ್ತಿದ್ದ, ಸಾಂಬಾರಿನ ಪರಿಮಳದಿಂದಲೇ ತಾನು ಸರಿಯಾದ ಜಾಗಕ್ಕೆ ಬಂದಿದ್ದೇನೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದ. ಪಕ್ಕದ ಉಪನಗರದಲ್ಲಿ ಅದೇ ಹೆಸರಿನ ಇನ್ನೊಂದು ಹೊಟೇಲಿದ್ದರೂ ನಮಗೆ ದೊಡ್ಡ ನಷ್ಟವೇನೂ ಆಗುತ್ತಿರಲಿಲ್ಲ. ಘಾಟ್‌ಕೋಪರಿನ ಗಿರಾಕಿ ಘಾಟ್‌ಕೋಪರಿನಲ್ಲಿ, ಪವಾಯಿಯ ಗಿರಾಕಿ ಪವಾಯಿಯಲ್ಲಿ ತಿನ್ನುತ್ತಿದ್ದ.

ಈಗ ಹಾಗಿಲ್ಲ. ಹೀರಾನಂದಾನಿಯ ಹನ್ನೆರಡನೇ ಮಹಡಿಯಲ್ಲಿ ಕುಳಿತ ಗಿರಾಕಿ ಮೊಬೈಲಿನಲ್ಲಿ ನಮ್ಮ ಹೆಸರಿನ ನಾಲ್ಕು ಅಕ್ಷರ ಒತ್ತಿದರೆ ಚಾಂದಿವಲಿ, ಮರೋಲ್, ವಿಕ್ರೋಲಿ, ಕಾಂಜೂರ್‌ಮಾರ್ಗಗಳ ಅಡುಗೆಮನೆಗಳೆಲ್ಲ ಒಂದೇ ಪರದೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಅಲ್ಲಿ ಗಲ್ಲಾದ ಮುಖವಿಲ್ಲ, ಪರಿಮಳವಿಲ್ಲ. ಇರುವುದು ಹೆಸರು, ಒಂದು ಫೋಟೋ ಮತ್ತು ನಕ್ಷತ್ರಗಳ ಅಂಕ, ಇಷ್ಟೇ. ಹೆಸರು ಬೇರೆಯವರ ಕೈಗೆ ಹೋದರೆ ಅಂದಿನ ಆರ್ಡರು ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವರು ಕಳುಹಿಸಿದ ಹಳಸಿದ ಚಟ್ನಿಯ ದೂರು ನಮ್ಮ ಹೆಸರಿಗೆ ಅಂಟಿಕೊಳ್ಳುತ್ತದೆ. ಮೂವತ್ತು ವರ್ಷ ಬೆಳಗಿನ ನಾಲ್ಕಕ್ಕೆ ಎದ್ದು ಗಳಿಸಿದ ಹೆಸರು ಮೂರು ತಿಂಗಳಲ್ಲಿ ಕೆಡಬಹುದು. ಆದ್ದರಿಂದ ಈ ವಿಷಯವನ್ನು ವಕೀಲರಿಗೆ ಬಿಟ್ಟು ಸುಮ್ಮನಿರುವಂತಿಲ್ಲ. ಮಾಲೀಕರೇ ಮೂಲ ಸಂಗತಿಗಳನ್ನು ತಿಳಿದಿರುವುದು ಅವಶ್ಯ.

ಹೆಸರು ಕೈಜಾರುವ ಬಗೆಗಳು

ಸಾಮಾನ್ಯವಾಗಿ ನಾಲ್ಕು ರೀತಿಯಲ್ಲಿ ಹೆಸರಿಗೆ ಕುತ್ತು ಬರುತ್ತದೆ.

ಒಂದು, ನೇರ ನಕಲು. ಬಾಗಿಲೂ ಇಲ್ಲದ, ಕುರ್ಚಿ ಮೇಜೂ ಇಲ್ಲದ, ಕೇವಲ ಪಾರ್ಸೆಲ್ಲಿಗಾಗಿ ನಡೆಯುವ ಅಡುಗೆಮನೆಯೊಂದು ನಮ್ಮ ಹೆಸರನ್ನೋ, ಅದಕ್ಕೆ 'ನ್ಯೂ', 'ಶ್ರೀ', 'ಒರಿಜಿನಲ್' ಎಂದು ಬಾಲ ತಲೆ ಸೇರಿಸಿದ ಹೆಸರನ್ನೋ ಆ್ಯಪ್‌ನಲ್ಲಿ ಹಾಕಿಕೊಳ್ಳುತ್ತದೆ.

ಎರಡು, ಹೆಸರಿನ ಮೇಲೆ ಜಾಹೀರಾತು. ಗಿರಾಕಿ ನಮ್ಮ ಹೆಸರನ್ನು ಹುಡುಕಿದಾಗ ದುಡ್ಡು ಕೊಟ್ಟ ಬೇರೊಬ್ಬರ ಹೊಟೇಲು ಮೇಲೆ ಕಾಣಿಸುವಂತೆ ಮಾಡುವುದು.

ಮೂರು, ಪ್ಯಾಕೆಟ್ ಮಾಲು. ನಮ್ಮ ಸಾರಿನ ಪುಡಿ, ಚಟ್ನಿಪುಡಿ, ಫಿಲ್ಟರ್ ಕಾಫಿಪುಡಿಗಳನ್ನು ಆನ್‌ಲೈನ್ ಅಂಗಡಿಗೆ ಹಾಕಿದಾಗ ಬೇರೆ ಮಾರಾಟಗಾರ ನಮ್ಮದೇ ಫೋಟೋದ ಕೆಳಗೆ 'ನಾನೂ ಇದನ್ನು ಮಾರುತ್ತೇನೆ' ಎಂದು ಸೇರಿಕೊಂಡು ಬೇರೆ ಮಾಲು ಕಳುಹಿಸುವುದು.

ನಾಲ್ಕು, ಶುದ್ಧ ಮೋಸ. ಹೆಸರುವಾಸಿ ಹೊಟೇಲಿನ ಹೆಸರಿನಲ್ಲಿ 'ಒಂದು ಥಾಲಿಗೆ ಎರಡು ಉಚಿತ' ಎಂದು ಫೇಸ್‌ಬುಕ್ಕಿನಲ್ಲಿ ಜಾಹೀರಾತು ಹಾಕಿ, ಫೋನ್ ಮಾಡಿದವರ ಕಾರ್ಡ್ ವಿವರ ಕೇಳಿ ಹಣ ಎಳೆಯುವ ಜಾಲ. ಮುಂಬಯಿಯಲ್ಲಿ ಇಂಥವು ನಡೆದಿವೆ. ಇದು ಟ್ರೇಡ್‌ಮಾರ್ಕಿನ ಪ್ರಶ್ನೆಗಿಂತ ಮೊದಲು ಪೊಲೀಸರ ಪ್ರಶ್ನೆ. ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಬೇಕು, ಹೊಟೇಲಿನ ಬಾಗಿಲಲ್ಲಿ ಎಚ್ಚರಿಕೆಯ ಚೀಟಿ ಅಂಟಿಸಬೇಕು.

ಉಳಿದ ಮೂರಕ್ಕೂ ಔಷಧ ಒಂದೇ ಮೂಲದಿಂದ ಬರುತ್ತದೆ: ಹೆಸರು ನಮ್ಮದೆಂದು ತೋರಿಸುವ ಕಾಗದ.

'ಉಡುಪಿ' ಎಲ್ಲರದ್ದು

ಇಲ್ಲಿ ನಮ್ಮವರಿಗೆ ಒಂದು ವಿಶೇಷ ತೊಡಕಿದೆ. ನಮ್ಮ ಹೊಟೇಲುಗಳ ಹೆಸರು ಬಹುಪಾಲು ಊರು, ದೇವರು ಮತ್ತು ಕುಲನಾಮಗಳಿಂದ ಬಂದವು. ಮಾಟುಂಗಾದಲ್ಲಿ ದಿ. ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಹೆಸರುವಾಸಿಯಾದದ್ದು ನಿಜ. ಆದರೆ ಅದಕ್ಕೂ ಮುಂಚೆ, ಆಮೇಲೆ, ಈ ಮಹಾನಗರದಲ್ಲಿ ಎಷ್ಟು 'ಉಡುಪಿ'ಗಳು, ಎಷ್ಟು 'ಶ್ರೀಕೃಷ್ಣ'ಗಳು ಹುಟ್ಟಿಕೊಂಡವೆಂದು ಎಣಿಸುವುದು ಕಷ್ಟ. 'ಉಡುಪಿ ಹೊಟೇಲ್' ಎಂಬುದು ಈಗ ಒಂದು ಬಗೆಯ ಹೊಟೇಲಿಗೆ ದೇಶವೇ ಕೊಟ್ಟ ಹೆಸರು. ಸಾಗರ್, ವಿಹಾರ್, ಭವನ, ಶಾಂತಿ, ಕೃಪಾ, ದರ್ಶಿನಿ ಎಂಬವೂ ಹಾಗೆಯೇ.

1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಕಲಮಿನ ಪ್ರಕಾರ ಮಾಲಿನ ಗುಣವನ್ನೋ, ಬಗೆಯನ್ನೋ, ಊರನ್ನೋ ಮಾತ್ರ ಹೇಳುವ ಪದ, ಹಾಗೂ ವ್ಯಾಪಾರದಲ್ಲಿ ಎಲ್ಲರ ಬಾಯಲ್ಲೂ ಇರುವ ಪದ ಸಾಮಾನ್ಯವಾಗಿ ಒಬ್ಬರ ಸೊತ್ತಾಗಲಾರದು. 17ನೇ ಕಲಮು ಇನ್ನೊಂದು ಮಾತು ಹೇಳುತ್ತದೆ: ಒಂದು ಇಡೀ ಚಿಹ್ನೆ ನೋಂದಣಿಯಾದ ಮಾತ್ರಕ್ಕೆ ಅದರೊಳಗಿನ ಸಾಮಾನ್ಯ ಪದದ ಮೇಲೆ ಪ್ರತ್ಯೇಕ ಹಕ್ಕು ಬರುವುದಿಲ್ಲ. 2023ರಲ್ಲಿ ದೆಹಲಿ ಹೈಕೋರ್ಟು ಅಮೆರಿಕದ ಸಬ್‌ವೇ ಕಂಪೆನಿಗೆ ಇದನ್ನೇ ಹೇಳಿತು. 'ಸಬರ್ಬ್' ಎಂಬ ದೆಹಲಿಯ ತಿನಿಸಿನಂಗಡಿಯ ಹೆಸರಿನಲ್ಲಿ 'ಸಬ್' ಎಂದಿದೆ ಎಂಬುದು ಸಬ್‌ವೇಯ ತಕರಾರು. 'ಸಬ್' ಎಂಬುದು ಆ ಬಗೆಯ ಸ್ಯಾಂಡ್‌ವಿಚ್ಚಿಗೇ ಇರುವ ಹೆಸರು, ಅದು ಯಾರೊಬ್ಬರ ಗುತ್ತಿಗೆಯಲ್ಲ ಎಂದು ಹೈಕೋರ್ಟು ತಡೆಯಾಜ್ಞೆ ನಿರಾಕರಿಸಿತು. ಅಷ್ಟು ದೊಡ್ಡ ಕಂಪೆನಿಗೇ ಹೀಗಾದರೆ 'ಉಡುಪಿ' ಎಂಬ ಪದವನ್ನು ಹಿಡಿದು ನಾವು ಕೋರ್ಟಿಗೆ ಹೋದರೆ ಏನಾಗುತ್ತದೆಂದು ಊಹಿಸಬಹುದು.

ಹಾಗಾದರೆ ಉಪಾಯವೇನು? ಹಳೆಯ ಹೆಸರನ್ನು ಬಿಡಬೇಕಾಗಿಲ್ಲ. ಅದಕ್ಕೆ ನಮ್ಮದೇ ಆದ ಒಂದು ಪದವನ್ನು, ಅಕ್ಷರದ ವಿನ್ಯಾಸವನ್ನು, ಚಿತ್ರವನ್ನು ಜೋಡಿಸಬೇಕು. ಉದಾಹರಣೆಗೆ, ಕೇವಲ ಕಲ್ಪನೆಗಾಗಿ, ಇಡ್ಲಿ ದೋಸೆಯ ಹೊಟೇಲಿಗೆ 'ಅರಗಿಣಿ' ಎಂದು ಹೆಸರಿಟ್ಟೆವೆನ್ನೋಣ. ಅರಗಿಣಿಗೂ ಇಡ್ಲಿಗೂ ಯಾವ ಸಂಬಂಧವೂ ಇಲ್ಲ. ಆದ್ದರಿಂದಲೇ ಕಾನೂನಿನ ಕಣ್ಣಲ್ಲಿ ಅದು ಗಟ್ಟಿ ಹೆಸರು. 'ಉಡುಪಿ ಅರಗಿಣಿ' ಎಂದರೆ 'ಉಡುಪಿ' ಎಲ್ಲರದ್ದು, 'ಅರಗಿಣಿ' ನಮ್ಮದು. 'ರುಚಿ ಇಡ್ಲಿ ಮನೆ' ಎಂದರೆ ಮೂರು ಪದವೂ ಎಲ್ಲರದ್ದೇ. ಹೊಸ ಶಾಖೆ ತೆರೆಯುವವರು, ಮಕ್ಕಳ ಕೈಗೆ ಹೊಸ ವ್ಯಾಪಾರ ಕೊಡುವವರು ಈ ಮಾತನ್ನು ಮೊದಲೇ ಯೋಚಿಸಬೇಕು. ಹಳಬರಿಗೆ ಇನ್ನೊಂದು ದಾರಿಯಿದೆ. ಸಾಮಾನ್ಯ ಪದವೂ ದೀರ್ಘ ಕಾಲದ ಬಳಕೆಯಿಂದ ಜನರ ಮನಸ್ಸಿನಲ್ಲಿ ಒಂದೇ ಹೊಟೇಲನ್ನು ಸೂಚಿಸುವಂತಾದರೆ ಕಾನೂನು ಅದನ್ನು ಮನ್ನಿಸುತ್ತದೆ. ಆದರೆ ಅದನ್ನು ಸಾಬೀತು ಮಾಡುವ ಹೊರೆ ನಮ್ಮ ಮೇಲೆಯೇ.

ನೋಂದಣಿಯ ಲೆಕ್ಕಾಚಾರ

ಈ ಕಾಯ್ದೆ ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು. ಅದಕ್ಕೆ ಮುಂಚೆ ನಮ್ಮ ದೇಶದಲ್ಲಿ ವಸ್ತುಗಳ ಹೆಸರನ್ನು ಮಾತ್ರ ನೋಂದಾಯಿಸಬಹುದಿತ್ತು, ಸೇವೆಯ ಹೆಸರನ್ನು ನೋಂದಾಯಿಸಲು ಅವಕಾಶವಿರಲಿಲ್ಲ. ಹೊಟೇಲು ಊಟ ಬಡಿಸುವುದು ಸೇವೆ. ನಮ್ಮ ಹಿರಿಯರು ಹೆಸರು ನೋಂದಾಯಿಸದೆ ಹೋದದ್ದಕ್ಕೆ ಉದಾಸೀನ ಒಂದೇ ಕಾರಣವಲ್ಲ, ಕಾನೂನಿನಲ್ಲೇ ಬಾಗಿಲಿರಲಿಲ್ಲ. ಬಾಗಿಲು ತೆರೆದು ಇಪ್ಪತ್ತು ವರ್ಷ ದಾಟಿದೆ. ಇನ್ನೂ ಹೊರಗೆ ನಿಂತಿರುವುದಕ್ಕೆ ಕಾರಣವಿಲ್ಲ.

ಮಾಲು ಮತ್ತು ಸೇವೆಗಳನ್ನು ಒಟ್ಟು 45 ವರ್ಗಗಳಾಗಿ ವಿಂಗಡಿಸಲಾಗಿದೆ. ನಮಗೆ ಸಂಬಂಧಿಸಿದವು ಮುಖ್ಯವಾಗಿ ಮೂರು. ಹೊಟೇಲ್, ಕೇಟರಿಂಗ್ 43ನೇ ವರ್ಗ. ಮಸಾಲೆ ಪುಡಿ, ಕಾಫಿ, ಹಿಟ್ಟು, ಸಿಹಿತಿಂಡಿಗಳು 30ನೇ ವರ್ಗ. ಉಪ್ಪಿನಕಾಯಿ, ತುಪ್ಪ, ಮೊಸರು ಮೊದಲಾದವು 29ನೇ ವರ್ಗ. 2010ಕ್ಕೆ ಮುಂಚೆ ಅರ್ಜಿ ಹಾಕಿದ ಹೊಟೇಲುಗಳ ಪತ್ರದಲ್ಲಿ 42ನೇ ವರ್ಗ ಎಂದಿರುತ್ತದೆ. ಆಗ ಹೊಟೇಲ್ ಸೇವೆ ಅದರಲ್ಲೇ ಸೇರಿತ್ತು. ಕಪಾಟಿನಲ್ಲಿ ಅಂಥ ಪತ್ರವಿದ್ದರೆ ಅವಧಿ ಮುಗಿದಿಲ್ಲವೇ ಎಂದು ಇಂದೇ ನೋಡಿಕೊಳ್ಳಿ.

ಒಬ್ಬರೇ ಮಾಲೀಕರಾಗಿದ್ದರೆ, ಇಲ್ಲವೇ ಉದ್ಯಮ್ ಪ್ರಮಾಣಪತ್ರವಿರುವ ಸಣ್ಣ ಉದ್ಯಮವಾಗಿದ್ದರೆ, ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ ಸರಕಾರಿ ಶುಲ್ಕ 4,500 ರೂ. ಉಳಿದವರಿಗೆ 9,000 ರೂ. 2017ರ ನಿಯಮಗಳಲ್ಲಿ ನಿಗದಿಯಾದ ದರವಿದು. ಏಜೆಂಟರ ಅಥವಾ ವಕೀಲರ ಸಂಭಾವನೆ ಬೇರೆ. ಮುಂಬಯಿಯ ಟ್ರೇಡ್‌ಮಾರ್ಕ್ ಕಚೇರಿ ಆಂಟಾಪ್ ಹಿಲ್‌ನ ಬೌದ್ಧಿಕ ಸಂಪದಾ ಭವನದಲ್ಲಿದೆ. ಅಲ್ಲಿಗೆ ಹೋಗಬೇಕಾಗಿಲ್ಲ, ಕೆಲಸವೆಲ್ಲ ಆನ್‌ಲೈನಿನಲ್ಲೇ ಆಗುತ್ತದೆ. ಅರ್ಜಿ ಹಾಕುವ ಮುನ್ನ ಅದೇ ಇಲಾಖೆಯ ವೆಬ್‌ಸೈಟಿನಲ್ಲಿ ನಮ್ಮ ಹೆಸರು ಬೇರೆಯವರ ಬಳಿ ಇದೆಯೇ ಎಂದು ಉಚಿತವಾಗಿ ಹುಡುಕಬಹುದು. ಹುಡುಕುವಾಗ ಒಂದೇ ಕಾಗುಣಿತಕ್ಕೆ ನಿಲ್ಲಬೇಡಿ. ಇಂಗ್ಲಿಷಿನಲ್ಲಿ ನಮ್ಮ ಹೆಸರನ್ನು ಎಷ್ಟು ರೀತಿ ಬರೆಯಬಹುದೋ ಅಷ್ಟೂ ರೀತಿಯಲ್ಲಿ ನೋಡಿ.

ಅರ್ಜಿಯ ಬಳಿಕ ಇಲಾಖೆಯಿಂದ ಆಕ್ಷೇಪಣೆಯ ವರದಿ ಬರಬಹುದು. ಅದು ಕೈಸೇರಿದ 30 ದಿನದೊಳಗೆ ಉತ್ತರ ಕೊಡಬೇಕು. ಒಪ್ಪಿಗೆಯಾದರೆ ಹೆಸರು ಟ್ರೇಡ್ ಮಾರ್ಕ್ಸ್ ಜರ್ನಲಿನಲ್ಲಿ ಪ್ರಕಟವಾಗುತ್ತದೆ. ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ವಿರೋಧ ಬಂದರೆ ಅದರ ಪ್ರತಿ ಸಿಕ್ಕಿದ ಎರಡು ತಿಂಗಳೊಳಗೆ ನಾವು ಉತ್ತರ ಹಾಕಲೇಬೇಕು, ಇಲ್ಲವಾದರೆ ಅರ್ಜಿ ಕೈಬಿಟ್ಟಂತೆ ಲೆಕ್ಕ. ಏಜೆಂಟರ ಇಮೇಲಿಗೆ ಬಂದ ನೋಟಿಸು ನಮಗೆ ತಲುಪದೆ ಅರ್ಜಿ ಸತ್ತುಹೋಗುವ ಸಂಭವ ಇರುವುದರಿಂದ ಅರ್ಜಿಯಲ್ಲಿ ನಮ್ಮದೂ ಒಂದು ಇಮೇಲ್ ಇರಲಿ. ನೋಂದಣಿಯ ಆಯುಷ್ಯ ಅರ್ಜಿಯ ದಿನದಿಂದ 10 ವರ್ಷ. ಪ್ರತಿ ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ.

ಅರ್ಜಿ ಹಾಕಿದ ದಿನದಿಂದ ಹೆಸರಿನ ಪಕ್ಕ 'ಟಿಎಂ' ಎಂದು ಹಾಕಿಕೊಳ್ಳಬಹುದು. ವೃತ್ತದೊಳಗಿನ 'ಆರ್' ಗುರುತನ್ನು ಮಾತ್ರ ನೋಂದಣಿ ಪತ್ರ ಕೈಗೆ ಬಂದ ಮೇಲೆಯೇ ಹಾಕಬೇಕು. ಮುಂಚಿತವಾಗಿ ಹಾಕುವುದು ಕಾನೂನಿಗೆ ವಿರುದ್ಧ.

ಮೊದಲು ಬಳಸಿದವನ ಬಲ

'ನಾವು ನೋಂದಾಯಿಸಲಿಲ್ಲ, ಇನ್ನೊಬ್ಬ ನೋಂದಾಯಿಸಿಬಿಟ್ಟ, ಇನ್ನು ನಮ್ಮ ಕಥೆ ಮುಗಿಯಿತು' ಎಂದು ಹೆದರುವವರಿದ್ದಾರೆ. ಹಾಗೇನೂ ಇಲ್ಲ. ತಿರುನೆಲ್ವೇಲಿಯ ಹೆಸರುವಾಸಿ 'ಇರುಟ್ಟುಕಡೈ ಹಲ್ವಾ'ದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2015ರಲ್ಲಿ ತೀರ್ಮಾನವಾಯಿತು. ಮೊದಲಿನಿಂದ ಬಳಸುತ್ತ ಬಂದವನ ಹಕ್ಕು ಬರೀ ನೋಂದಣಿಗಿಂತ ಮೇಲು ಎಂಬ ತತ್ವವನ್ನು ಸುಪ್ರೀಂ ಕೋರ್ಟು ಅಲ್ಲಿ ಸ್ಪಷ್ಟಪಡಿಸಿತು. ಕಾಯ್ದೆಯ 34ನೇ ಕಲಮಿನ ಸಾರವೂ ಇದೇ.

ಪುಣೆಯ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ಒಂದು ಇರಾನಿ ಕುಟುಂಬದವರು 1992ರಿಂದ 'ಬರ್ಗರ್ ಕಿಂಗ್' ಎಂಬ ಹೆಸರಿನಲ್ಲಿ ಹೊಟೇಲು ನಡೆಸುತ್ತಿದ್ದರು. ಅದೇ ಹೆಸರಿನ ಅಮೆರಿಕದ ಕಂಪೆನಿ 2011ರಲ್ಲಿ ದಾವೆ ಹೂಡಿತು. ಆದರೆ ಆ ಕಂಪೆನಿ ಭಾರತದಲ್ಲಿ ಮೊದಲ ಅಂಗಡಿ ತೆರೆದದ್ದು 2014ರಲ್ಲಿ. 2024ರ ಜುಲೈಯಲ್ಲಿ ಪುಣೆಯ ಜಿಲ್ಲಾ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಕಂಪೆನಿ ಅಲ್ಲಿಗೆ ಸುಮ್ಮನಾಗದೆ ಮುಂಬಯಿ ಹೈಕೋರ್ಟಿಗೆ ಮೇಲ್ಮನವಿ ಹಾಕಿತು. ಇದರಿಂದ ಎರಡು ಪಾಠ: ಹಳೆಯ ಬಳಕೆಗೆ ಬೆಲೆಯಿದೆ, ಮತ್ತು ಕಾಗದವಿಲ್ಲದ ಹಕ್ಕನ್ನು ಸಾಧಿಸಲು ಹದಿಮೂರು ವರ್ಷವೂ ಸಾಲದೆ ಹೋಗಬಹುದು.

ಹಳೆಯ ಬಳಕೆಯನ್ನು ತೋರಿಸುವುದು ಮಾತಿನಿಂದಲ್ಲ, ಕಾಗದದಿಂದ. ಮೊದಲ ಗುಮಾಸ್ತಾ ಲೈಸನ್ಸು, ಪಾಲಿಕೆಯ ಪರವಾನಿಗೆ, ಹಳೆಯ ಬಿಲ್ ಪುಸ್ತಕ, ಮೆನು ಕಾರ್ಡು, ಮಾರಾಟ ತೆರಿಗೆಯ ಚಲನ್, ಉದ್ಘಾಟನೆಯ ಆಮಂತ್ರಣ, ಕನ್ನಡ ಪತ್ರಿಕೆಗಳಿಗೆ ಕೊಟ್ಟ ದೀಪಾವಳಿ ಜಾಹೀರಾತು, ಬೋರ್ಡಿನ ಎದುರು ತೆಗೆದ ಫೋಟೋ: ಇವೆಲ್ಲ ಸಾಕ್ಷ್ಯ. ಹೊಟೇಲು ದುರಸ್ತಿಯ ಹೊತ್ತಿನಲ್ಲಿ ಇವನ್ನು ರದ್ದಿಗೆ ಹಾಕಿಬಿಡುವ ಅಭ್ಯಾಸ ನಮ್ಮವರಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಫೈಲಿನಲ್ಲಿಡಿ, ಸ್ಕ್ಯಾನ್ ಮಾಡಿಸಿ ಮಕ್ಕಳ ಕೈಗೂ ಕೊಡಿ.

ಒಳಗಿನಿಂದ ಬರುವ ಕುತ್ತು

ಹೆಸರನ್ನು ಹೊರಗಿನವರೇ ಕದಿಯುತ್ತಾರೆಂದು ಭಾವಿಸುವುದು ತಪ್ಪು. ನಮ್ಮ ವ್ಯವಸಾಯದಲ್ಲಿ ಹೆಚ್ಚಿನ ತಕರಾರು ಹುಟ್ಟುವುದು ಒಳಗಿನಿಂದ: ಪಾಲುದಾರಿಕೆ ಮುರಿದಾಗ, ಅಣ್ಣತಮ್ಮಂದಿರು ಬೇರೆಯಾದಾಗ, ಕಂಡಕ್ಟಿಂಗ್ ಅವಧಿ ಮುಗಿದಾಗ.

ಮುಂಬಯಿಯಲ್ಲಿ ಎಷ್ಟೋ ಹೊಟೇಲುಗಳು ಕಂಡಕ್ಟಿಂಗ್ ಒಪ್ಪಂದದ ಮೇಲೆ ನಡೆಯುತ್ತವೆ. ಮಾಲೀಕರು ಊರಿನಲ್ಲಿರುತ್ತಾರೆ, ನಡೆಸುವವರು ಇಲ್ಲಿರುತ್ತಾರೆ. ಒಪ್ಪಂದದಲ್ಲಿ ಡಿಪಾಸಿಟ್ಟು, ತಿಂಗಳ ರಾಯಲ್ಟಿ, ಪಾತ್ರೆಪಗಡೆಗಳ ಪಟ್ಟಿ ಎಲ್ಲ ಇರುತ್ತದೆ. ಹೆಸರಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ನಡೆಸುವವರು ತಮ್ಮ ಮೊಬೈಲ್ ನಂಬರ್, ತಮ್ಮ ಇಮೇಲ್, ತಮ್ಮ ಬ್ಯಾಂಕ್ ಖಾತೆ ಕೊಟ್ಟು ಆ್ಯಪ್‌ಗಳಲ್ಲಿ ಹೊಟೇಲನ್ನು ನೋಂದಾಯಿಸುತ್ತಾರೆ. ಐದು ವರ್ಷದ ಬಳಿಕ ಅವಧಿ ಮುಗಿದು ಅವರು ಬೀಗದ ಕೈ ಕೊಟ್ಟು ಹೋಗುತ್ತಾರೆ, ಆದರೆ ಆ್ಯಪ್‌ನ ಕೀಲಿಕೈ ಅವರ ಬಳಿಯೇ ಉಳಿಯುತ್ತದೆ. ಐದು ಸಾವಿರ ಗಿರಾಕಿಗಳ ರೇಟಿಂಗ್ ಇರುವ ಆ ಖಾತೆ ಅವರ ಹೊಸ ಅಡುಗೆಮನೆಯ ವಿಳಾಸಕ್ಕೆ ಬದಲಾದರೆ, ಮಾಲೀಕರು ಬರಿಯ ನಾಲ್ಕು ಗೋಡೆಯನ್ನು ವಾಪಸು ಪಡೆದಂತಾಗುತ್ತದೆ. ಇದನ್ನು ಮೋಸವೆಂದೇ ಕರೆಯಲಾಗದು. ಖಾತೆ ಯಾರದೆಂದು ಬರೆದಿಟ್ಟವರೇ ಇಲ್ಲದಿದ್ದಾಗ, 'ನಾನು ದುಡಿದು ಗಳಿಸಿದ ರೇಟಿಂಗು' ಎಂದು ನಡೆಸಿದವರು ಹೇಳಿದರೆ ಅದರಲ್ಲೂ ನ್ಯಾಯವಿಲ್ಲದಿಲ್ಲ. ಆದ್ದರಿಂದ ಎರಡೂ ಕಡೆಯವರ ನೆಮ್ಮದಿಗಾಗಿ ಒಪ್ಪಂದದಲ್ಲಿ ನಾಲ್ಕು ಮಾತು ಸೇರಿಸಿ: ಹೆಸರು ಯಾರದು, ನಡೆಸುವವರು ಅದನ್ನು ಎಲ್ಲಿಯವರೆಗೆ ಬಳಸಬಹುದು, ಆ್ಯಪ್ ಖಾತೆ, ಗೂಗಲ್ ನಕ್ಷೆಯ ಖಾತೆ ಮತ್ತು ಫೋನ್ ನಂಬರ್ ಅವಧಿಯ ಕೊನೆಗೆ ಯಾರಿಗೆ ಸೇರಬೇಕು, ಅದೇ ಹೆಸರಿನಲ್ಲಿ ಬೇರೆ ಅಡುಗೆಮನೆ ತೆರೆಯಬಹುದೇ ಇಲ್ಲವೇ.

ಕುಟುಂಬದೊಳಗೆ ಹೆಸರನ್ನು ಶಿಸ್ತಿನಿಂದ ಹಂಚಿಕೊಂಡರೆ ಏನಾಗಬಹುದೆಂಬುದಕ್ಕೆ ಎಂಟಿಆರ್ ನಮ್ಮ ಕಣ್ಣೆದುರಿಗಿದೆ. ಉಡುಪಿ ಕಡೆಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಮಾವಳ್ಳಿ ಟಿಫಿನ್ ರೂಮ್ಸ್ ಮುಂದೆ ತುರ್ತುಪರಿಸ್ಥಿತಿಯ ಕಾಲದಲ್ಲಿ ಪುಡಿ ಮತ್ತು ಮಿಕ್ಸ್‌ಗಳ ವ್ಯಾಪಾರಕ್ಕೆ ಇಳಿಯಿತು. 2007ರಲ್ಲಿ ಪ್ಯಾಕೆಟ್ ವ್ಯಾಪಾರದ ಎಂಟಿಆರ್ ಫುಡ್ಸ್ ನಾರ್ವೆಯ ಆರ್ಕ್ಲಾ ಕಂಪೆನಿಗೆ ಮಾರಾಟವಾಯಿತು. ಹೊಟೇಲು ಮಾತ್ರ ಕುಟುಂಬದಲ್ಲೇ ಉಳಿಯಿತು. ಒಂದೇ ಮೂರಕ್ಷರ, ಎರಡು ಒಡೆತನ. ಪುಡಿಯನ್ನು ಮಾರಿದ ಸದಾನಂದ ಮಯ್ಯರು ಮತ್ತೆ ವ್ಯಾಪಾರಕ್ಕೆ ಇಳಿದಾಗ 'ಮಯ್ಯಾಸ್' ಎಂಬ ಬೇರೆ ಹೆಸರಿನಲ್ಲೇ ಇಳಿದರು. ನೀವು ಹೊಟೇಲಿನ ಹೆಸರನ್ನು 43ನೇ ವರ್ಗದಲ್ಲಿ ಮಾತ್ರ ನೋಂದಾಯಿಸಿ 30ನೇ ವರ್ಗವನ್ನು ಖಾಲಿ ಬಿಟ್ಟರೆ, ನಿಮ್ಮ ಹೆಸರಿನ ಸಾರಿನ ಪುಡಿಗೆ ಬೇರೆಯವರು ಅರ್ಜಿ ಹಾಕಬಹುದು. ನಾಳೆ ಪುಡಿ ಮಾಡುವ ಯೋಚನೆ ನಿಜವಾಗಿ ಇದ್ದರೆ ಇಂದೇ ಆ ವರ್ಗಕ್ಕೂ ಅರ್ಜಿ ಹಾಕುವುದು ಜಾಣತನ. ಆದರೆ ಸುಮ್ಮನೆ ಹಿಡಿದಿಟ್ಟುಕೊಳ್ಳಲೂ ಬರುವುದಿಲ್ಲ. ಐದು ವರ್ಷಕ್ಕೂ ಹೆಚ್ಚು ಕಾಲ ಬಳಸದ ಹೆಸರನ್ನು ತೆಗೆದುಹಾಕಬೇಕೆಂದು ಬೇರೆಯವರು ಕೇಳಬಹುದು.

ಪುಡಿಯನ್ನು ಹೊರಗಿನ ಕಾರ್ಖಾನೆಯಲ್ಲಿ ಮಾಡಿಸುವವರು ಇನ್ನೊಂದು ಕಾಗದ ಮಾಡಿಕೊಳ್ಳಬೇಕು: ಹೆಸರು, ಚಿತ್ರ, ಪೊಟ್ಟಣದ ವಿನ್ಯಾಸ ಎಲ್ಲ ನಮ್ಮದು, ಮಿಕ್ಕುಳಿದ ಪೊಟ್ಟಣಗಳನ್ನು ಬೇರೆಯವರಿಗೆ ಮಾರುವಂತಿಲ್ಲ ಎಂದು.

ಆ್ಯಪ್‌ನವರ ಹೊಣೆ ಎಷ್ಟು?

'ನಕಲಿ ಹೊಟೇಲನ್ನು ಪಟ್ಟಿಗೆ ಸೇರಿಸಿಕೊಂಡ ಆ್ಯಪ್‌ನವರನ್ನೇ ಹಿಡಿಯಬಾರದೇ?' ಎಂಬುದು ಎಲ್ಲರ ಪ್ರಶ್ನೆ. 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮು ಅವರಿಗೆ ಒಂದು ರಕ್ಷೆ ಕೊಟ್ಟಿದೆ. ತಾವು ಕೇವಲ ಮಧ್ಯವರ್ತಿಗಳು, ಬೇರೆಯವರು ಹಾಕಿದ ಮಾಹಿತಿಗೆ ತಾವು ಹೊಣೆಯಲ್ಲ ಎಂದು ಅವರು ಹೇಳಬಹುದು. ಆದರೆ ಈ ರಕ್ಷೆಗೆ ಷರತ್ತುಗಳಿವೆ. 2021ರ ನಿಯಮಗಳ ಪ್ರಕಾರ ಟ್ರೇಡ್‌ಮಾರ್ಕನ್ನು ಉಲ್ಲಂಘಿಸುವ ಮಾಹಿತಿ ಹಾಕಬಾರದೆಂದು ಅವರು ಬಳಕೆದಾರರಿಗೆ ತಿಳಿಸಬೇಕು, ದೂರು ಅಧಿಕಾರಿಯನ್ನು ನೇಮಿಸಬೇಕು. ಆ ಅಧಿಕಾರಿ 24 ಗಂಟೆಯೊಳಗೆ ದೂರು ಬಂದದ್ದನ್ನು ಒಪ್ಪಿಕೊಂಡು ನಿಗದಿತ ಅವಧಿಯೊಳಗೆ ಇತ್ಯರ್ಥ ಮಾಡಬೇಕು. ಈ ಅಧಿಕಾರಿಯ ಹೆಸರು, ವಿಳಾಸ ಆ್ಯಪ್ ಅಥವಾ ವೆಬ್‌ಸೈಟಿನ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ನಮ್ಮ ದೂರು ಹೋಗಬೇಕಾದ್ದು ಅಲ್ಲಿಗೆ. ಆರ್ಡರಿನ ತಕರಾರು ಕೇಳುವ ಹುಡುಗರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ.

ನ್ಯಾಯಾಲಯಗಳೂ ಈ ದಿಕ್ಕಿನಲ್ಲಿ ಗಟ್ಟಿ ಹೆಜ್ಜೆ ಇಟ್ಟಿವೆ. 2022ರಲ್ಲಿ ಸಣ್ಣ ಬಟ್ಟೆ ವ್ಯಾಪಾರಿಯೊಬ್ಬರು ಫ್ಲಿಪ್‌ಕಾರ್ಟಿನ ಮೇಲೆ ದೆಹಲಿ ಹೈಕೋರ್ಟಿಗೆ ಹೋದರು. ಅವರ ಮಾಲಿನ ಪುಟಕ್ಕೆ ಬೇರೆ ಮಾರಾಟಗಾರರು ಸೇರಿಕೊಂಡು ಅವರದೇ ಹೆಸರು, ಫೋಟೋಗಳಡಿ ಮಾರುತ್ತಿದ್ದರು. ಆ ಹೆಸರಿನ ಮಟ್ಟಿಗೆ ಇಂಥ ಸೌಲಭ್ಯವನ್ನು ನಿಲ್ಲಿಸುವಂತೆ ಹೈಕೋರ್ಟು ಆದೇಶಿಸಿತು. 2023ರಲ್ಲಿ ಗೂಗಲ್ ಮತ್ತು ಅಗರವಾಲ್ ಪ್ಯಾಕರ್ಸ್ ನಡುವಿನ ಪ್ರಕರಣದಲ್ಲಿ, ಬೇರೆಯವರ ಹೆಸರನ್ನು ಜಾಹೀರಾತಿನ ಹುಡುಕು ಪದವಾಗಿ ಖರೀದಿಸುವುದಷ್ಟೇ ತಪ್ಪಾಗದು, ಆದರೆ ಅದರಿಂದ ಗಿರಾಕಿ ಗೊಂದಲಕ್ಕೆ ಬಿದ್ದರೆ ತಪ್ಪಾಗುತ್ತದೆ ಎಂದು ಅದೇ ಹೈಕೋರ್ಟು ಹೇಳಿತು. 2025ರಲ್ಲಿ ಡಾಮಿನೋಸ್ ಹೆಸರನ್ನು ಹೋಲುವ ಹೆಸರಿನ ಅಂಗಡಿಗಳನ್ನು ಪಟ್ಟಿಯಿಂದ ತೆಗೆಯುವಂತೆ ಜೊಮ್ಯಾಟೊ, ಸ್ವಿಗ್ಗಿಗಳಿಗೂ ಆದೇಶವಾಯಿತು.

ನಕಲು ಕಂಡಾಗ ಮಾಡಬೇಕಾದ್ದು

ಮೊದಲು ಸಾಕ್ಷ್ಯ, ಆಮೇಲೆ ಜಗಳ. ಫೋನ್ ಮಾಡಿ ಬೈದರೆ ಪುಟ ಮಾಯವಾಗುತ್ತದೆ, ಮುಂದಿನ ವಾರ ಇನ್ನೊಂದು ಕಾಗುಣಿತದಲ್ಲಿ ಹುಟ್ಟುತ್ತದೆ. ಆದ್ದರಿಂದ:

ಮೊದಲನೆಯದಾಗಿ, ದಿನಾಂಕ ಕಾಣುವಂತೆ ಆ ಪುಟದ ಚಿತ್ರಗಳನ್ನು ಇಟ್ಟುಕೊಳ್ಳಿ. ಒಂದು ಆರ್ಡರು ಹಾಕಿ ತರಿಸಿ, ಬಿಲ್ಲು ಮತ್ತು ಪೊಟ್ಟಣ ಜೋಪಾನ ಮಾಡಿ.

ಎರಡನೆಯದಾಗಿ, ಪುಟದಲ್ಲಿರುವ ಎಫ್‌ಎಸ್‌ಎಸ್‌ಎಐ ಲೈಸನ್ಸಿನ 14 ಅಂಕಿಗಳನ್ನು ಗುರುತಿಸಿ. ಇಲಾಖೆಯ ಫಾಸ್ಕಾಸ್ ವೆಬ್‌ಸೈಟಿನಲ್ಲಿ ಆ ಅಂಕಿ ಹಾಕಿದರೆ ಲೈಸನ್ಸು ಯಾರ ಹೆಸರಿನದು, ಎಲ್ಲಿಯದು ಎಂದು ತಿಳಿಯುತ್ತದೆ. ಮುಖ ಕಾಣದ ಅಡುಗೆಮನೆಯ ಗುರುತು ಹಿಡಿಯಲು ಇದಕ್ಕಿಂತ ಸುಲಭ ಮಾರ್ಗ ಇಲ್ಲ. ಅಂಕಿಯೇ ಸುಳ್ಳಾಗಿದ್ದರೆ ಆ್ಯಪ್‌ನವರೂ ಸುಮ್ಮನಿರುವಂತಿಲ್ಲ.

ಮೂರನೆಯದಾಗಿ, ಆ್ಯಪ್‌ನ ದೂರು ಅಧಿಕಾರಿಗೆ ಲಿಖಿತವಾಗಿ ಬರೆಯಿರಿ. ನೋಂದಣಿ ಪತ್ರ ಅಥವಾ ಅರ್ಜಿ ಸಂಖ್ಯೆ, ಯಾವ ದಿನದಿಂದ ಹೆಸರು ಬಳಸುತ್ತಿದ್ದೇವೆ, ಯಾವ ಪುಟದ ಬಗ್ಗೆ ದೂರು, ಏನು ಮಾಡಬೇಕು ಎಂಬುದನ್ನು ಒಂದು ಪುಟದಲ್ಲಿ ಹೇಳಿ. ಪ್ಯಾಕೆಟ್ ಮಾಲನ್ನು ಅಮೆಜಾನಿನಲ್ಲಿ ಮಾರುವವರು ಅದರ ಬ್ರ್ಯಾಂಡ್ ರಿಜಿಸ್ಟ್ರಿಯಲ್ಲಿ ಮುಂಚೆಯೇ ಹೆಸರು ದಾಖಲಿಸಿಕೊಂಡರೆ ದೂರು ಬೇಗ ಸಾಗುತ್ತದೆ. ಅಲ್ಲಿ ಮೊದಲು ಕೇಳುವುದೇ ಟ್ರೇಡ್‌ಮಾರ್ಕ್ ಸಂಖ್ಯೆಯನ್ನು.

ನಾಲ್ಕನೆಯದಾಗಿ, ನಕಲು ಮಾಡಿದವರಿಗೆ ವಕೀಲರ ಮೂಲಕ ನೋಟಿಸು ಕೊಡಿ. ಎಷ್ಟೋ ಪ್ರಕರಣ ಇಲ್ಲಿಗೇ ಮುಗಿಯುತ್ತದೆ.

ಐದನೆಯದಾಗಿ, ನ್ಯಾಯಾಲಯ. ಇಲ್ಲಿ ಕಾಯ್ದೆಯ 134ನೇ ಕಲಮು ನಮಗೊಂದು ಅನುಕೂಲ ಕೊಟ್ಟಿದೆ. ನೋಂದಾಯಿತ ಹೆಸರಿನ ಒಡೆಯರು ತಾವು ವ್ಯಾಪಾರ ಮಾಡುವ ಊರಿನಲ್ಲೇ ದಾವೆ ಹೂಡಬಹುದು. ನಕಲು ದೆಹಲಿಯಲ್ಲಿದ್ದರೂ ಪವಾಯಿಯವರು ಮುಂಬಯಿಯಲ್ಲೇ ದಾವೆ ಹಾಕಬಹುದು. ನೋಂದಣಿ ಇಲ್ಲದವರಿಗೆ ಈ ಸೌಲಭ್ಯವಿಲ್ಲ.

ಮುಖ್ಯವಾಗಿ, ತಡ ಮಾಡಬೇಡಿ. ಬೇರೆಯವರು ನಮ್ಮಂಥದೇ ಹೆಸರನ್ನು ನೋಂದಾಯಿಸಿ ಬಳಸುತ್ತಿರುವುದು ಗೊತ್ತಿದ್ದೂ ಐದು ವರ್ಷ ಸತತವಾಗಿ ಸುಮ್ಮನಿದ್ದರೆ, ಅವರು ಪ್ರಾಮಾಣಿಕವಾಗಿ ಅರ್ಜಿ ಹಾಕಿದವರಾಗಿದ್ದಲ್ಲಿ, ತಡೆಯುವ ಹಕ್ಕು ನಮಗೆ ಉಳಿಯುವುದಿಲ್ಲ ಎಂದು 33ನೇ ಕಲಮು ಹೇಳುತ್ತದೆ. ತಡವಾದರೆ ಏನಾಗುತ್ತದೆ ಎಂಬುದಕ್ಕೆ ಆರ್ಕಿಡ್ ಪ್ರಕರಣ ಒಳ್ಳೆಯ ದೃಷ್ಟಾಂತ. ವಿಲೇಪಾರ್ಲೆಯ 'ದಿ ಆರ್ಕಿಡ್' ಹೊಟೇಲಿನ ಒಡೆತನದ ಕಾಮತ್ ಹೊಟೇಲ್ಸ್, ಬೆಂಗಳೂರಿನ ರಾಯಲ್ ಆರ್ಕಿಡ್ ಹೊಟೇಲ್ಸ್ ವಿರುದ್ಧ ಮುಂಬಯಿ ಹೈಕೋರ್ಟಿಗೆ ಹೋಗಿತ್ತು. 2011ರ ಮಧ್ಯಂತರ ಆದೇಶದಲ್ಲಿ ಹೈಕೋರ್ಟು ಆ ಹೆಸರಿನಲ್ಲಿ ಹೊಸ ಹೊಟೇಲು ತೆರೆಯದಂತೆ ತಡೆಯಿತು. ಆದರೆ ಆಗಲೇ ನಡೆಯುತ್ತಿದ್ದ ಹೊಟೇಲುಗಳಿಗೆ ಹೆಸರು ಮುಂದುವರಿಸಲು ಬಿಟ್ಟಿತು. ಬೇರು ಬಿಟ್ಟ ಗಿಡವನ್ನು ಕೀಳುವುದು ಕಷ್ಟ.

ರಾಜಿಯೂ ಒಂದು ದಾರಿ

ಎಲ್ಲ ತಕರಾರನ್ನೂ ಕೋರ್ಟಿನ ಕೊನೆಯ ಮೆಟ್ಟಿಲಿನವರೆಗೆ ಒಯ್ಯಬೇಕೆಂದಿಲ್ಲ. ಮುಂಬಯಿಯ ಥಿಯೋಬ್ರೋಮಾ ಬೇಕರಿ ಮತ್ತು ದೆಹಲಿ ಪ್ರಾಂತ್ಯದ 'ಥಿಯೋಸ್' ನಡುವಿನ ವ್ಯಾಜ್ಯ 2022ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ರಾಜಿಯಾಯಿತು. ಥಿಯೋಬ್ರೋಮಾ ಎಂಬ ಹೆಸರು ದೇಶವಿಡೀ ಮುಂಬಯಿಯವರಿಗೆ, ಥಿಯೋಸ್ ಎಂಬುದು ದೆಹಲಿ ಪ್ರಾಂತ್ಯದೊಳಗೆ ದೆಹಲಿಯವರಿಗೆ. ಕೆಲವು ತಿನಿಸುಗಳ ಹೆಸರನ್ನು ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು ಎಂಬುದನ್ನೂ ಬರೆದುಕೊಂಡರು. ಆ್ಯಪ್‌ನಲ್ಲಿ ಎಲ್ಲರೂ ಒಂದೇ ಪರದೆಯ ಮೇಲೆ ಬರುವುದರಿಂದ ಇಂಥ ಎಲ್ಲೆಕಟ್ಟು ಅವಶ್ಯವಾಯಿತು.

ನಮ್ಮವರ ನಡುವಿನ ತಕರಾರಿಗೆ ಈ ಮಾರ್ಗ ಇನ್ನೂ ಹೊಂದುತ್ತದೆ. ನಮ್ಮ ಹೆಸರು ಹಾಕಿಕೊಂಡವರು ಎಷ್ಟೋ ಸಲ ನಮ್ಮಲ್ಲೇ ಕೆಲಸ ಕಲಿತ ಭಟ್ಟರೋ, ಮ್ಯಾನೇಜರೋ, ಊರಿನ ಸಂಬಂಧಿಕರೋ ಆಗಿರುತ್ತಾರೆ. ಅವರಿಗೂ ಹೊಟ್ಟೆಪಾಡಿದೆ. ಹಿರಿಯರ ಎದುರು ಕುಳಿತು 'ಈ ಹೆಸರಿಗೆ ಈ ಪದ ಸೇರಿಸಿಕೋ, ಬಣ್ಣ ಬದಲಿಸು, ಇಂಥ ದಿನದೊಳಗೆ ಆ್ಯಪ್‌ನಲ್ಲಿ ಬದಲಾವಣೆಯಾಗಲಿ' ಎಂದು ತೀರ್ಮಾನಿಸಿ ಛಾಪಾ ಕಾಗದದ ಮೇಲೆ ಬರೆದುಕೊಂಡರೆ ವ್ಯಾಪಾರವೂ ಉಳಿಯುತ್ತದೆ, ಸಂಬಂಧವೂ ಉಳಿಯುತ್ತದೆ. ಬರೆಯದ ರಾಜಿ ಮಾತ್ರ ಬೇಡ.

ಅಂತೆಯೇ ನಾವೂ ಬೇರೆಯವರ ಹೆಸರಿನ ನೆರಳಿನಲ್ಲಿ ನಿಲ್ಲಬಾರದು. 'ಧಾರವಾಡ ಪೇಡಾ' ಭೌಗೋಳಿಕ ಗುರುತು ಪಡೆದ ಹೆಸರು. ನಮ್ಮ ಸಿಹಿತಿಂಡಿಯ ಡಬ್ಬಿಗೆ ಆ ಹೆಸರು ಹಾಕಿ ಆನ್‌ಲೈನಿನಲ್ಲಿ ಮಾರುವ ಮುನ್ನ ಮಾಲು ಎಲ್ಲಿಯದೆಂದು ಯೋಚಿಸಬೇಕು. ಸುಳ್ಳು ಟ್ರೇಡ್‌ಮಾರ್ಕ್ ಬಳಸುವವರಿಗೆ ಕಾಯ್ದೆಯ 103ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂ.ವರೆಗೆ ದಂಡವಿದೆ ಎಂಬುದು ನೆನಪಿರಲಿ.

ಈ ತಿಂಗಳೇ ಮಾಡಬಹುದಾದ ಕೆಲಸ

ಸದಸ್ಯ ಬಾಂಧವರು ಒಂದು ಮಧ್ಯಾಹ್ನದ ಬಿಡುವಿನಲ್ಲಿ ಇಷ್ಟು ಮಾಡಿದರೂ ಸಾಕು. ನಿಮ್ಮ ಹೊಟೇಲಿನ ಹೆಸರನ್ನು ಎಲ್ಲ ಆ್ಯಪ್‌ಗಳಲ್ಲಿ, ಗೂಗಲ್ ನಕ್ಷೆಯಲ್ಲಿ, ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟಿನಲ್ಲಿ ಹುಡುಕಿ. ಪ್ರತಿಯೊಂದು ಖಾತೆ ಯಾರ ಫೋನ್ ನಂಬರಿನಲ್ಲಿದೆಯೆಂದು ಒಂದು ಕಾಗದದಲ್ಲಿ ಬರೆಯಿರಿ. ಮ್ಯಾನೇಜರರ ನಂಬರಿನಲ್ಲಿದ್ದರೆ ಹೊಟೇಲಿನ ನಂಬರಿಗೆ ಬದಲಿಸಿ. ಆ್ಯಪ್‌ನವರೊಂದಿಗಿನ ಒಪ್ಪಂದದಲ್ಲಿ ನಿಮ್ಮ ಹೆಸರು, ಫೋಟೋಗಳನ್ನು ಅವರು ಎಲ್ಲಿ ಬಳಸಬಹುದು, ಒಪ್ಪಂದ ಮುಗಿದ ಮೇಲೆ ಅದು ನಿಲ್ಲುತ್ತದೆಯೇ ಎಂಬ ಸಾಲನ್ನು ಓದಿಸಿಕೊಳ್ಳಿ. ಹಳೆಯ ಕಾಗದಗಳ ಫೈಲು ಮಾಡಿ. ನೋಂದಣಿ ಇಲ್ಲದಿದ್ದರೆ ಅರ್ಜಿ ಹಾಕಿಸಿ.

ಹೊಸ ದೋಸೆ ಕಾವಲಿಗೆ, ಹೊಸ ಗ್ರೈಂಡರಿಗೆ ನಾವು ಹಿಂದೆಮುಂದೆ ನೋಡದೆ ಖರ್ಚು ಮಾಡುತ್ತೇವೆ. ಅವು ಹತ್ತು ವರ್ಷ ಬಾಳಿದರೆ ಹೆಚ್ಚು. ಒಂದು ವರ್ಗಕ್ಕೆ ಸಾವಿರಗಳ ಲೆಕ್ಕದಲ್ಲಿ ಮುಗಿಯುವ ಹೆಸರಿನ ನೋಂದಣಿಯೂ ಹತ್ತು ವರ್ಷ ಬಾಳುತ್ತದೆ, ಆಮೇಲೆ ನವೀಕರಿಸಲೂ ಬರುತ್ತದೆ. ಜಾಗ ಬಾಡಿಗೆಯದ್ದಿರಬಹುದು, ನಡೆಸುವವರು ಬದಲಾಗಬಹುದು. ಗಿರಾಕಿ ಹುಡುಕಿಕೊಂಡು ಬರುವುದು ಹೆಸರನ್ನು.